ಮೊದಲ ಅರವತ್ತು ಅಡಿ

(ಬಾನುಲಿ ಭಾಷಣ)

ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಪಂದ್ಯದ ಕಾರಿನ ಸ್ಪ್ರಿಂಗುಗಳ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವೆನಿಸುವುದು ಸಹಜ. ಆದುದರಿಂದ ಈ ವಿದ್ಯೆಯ ನೆರಳಿಗೆ ನಾನು ಬಂದುದು ಹೇಗೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು.

ಕುಮಟಾ ತಾಲ್ಲೂಕಿನ ಬಾಡ ನನ್ನ ಊರು. ಎರಡು ವರ್ಷಗಳ ಹಿಂದೆ, ಮಳೆಗಾಲ ಮುಗಿದು ಗದ್ದೆಗಳಲ್ಲಿ ತೆನೆ ಬಾಗುತ್ತಿದ್ದ ದಿನಗಳಲ್ಲಿ, ನೆರೆಮನೆಯ ಹುಡುಗನೊಬ್ಬ ತನ್ನ ಹಳೆಯ ಮಾರುತಿ 800 ಕಾರನ್ನು ತಿರುವಿನಲ್ಲಿ ತಿರುಗಿಸಲಾರದೆ ನೆಟ್ಟಗೆ ಗದ್ದೆಗೆ ಇಳಿಸಿದ. ಹೆಗಲಿನ ಎಲುಬು ಮುರಿಯಿತು, ಜೀವ ಉಳಿಯಿತು. ವೇಗ ಅಷ್ಟೇನೂ ಇರಲಿಲ್ಲವೆಂದು ಅವನೂ ಹೇಳಿದ, ಕಂಡವರೂ ಹೇಳಿದರು. ಹಾಗಾದರೆ ಕಾರು ತಿರುಗಲಿಲ್ಲವೇಕೆ? ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹುಡುಗ ನನಗೊಬ್ಬನಿಗೇ ಗುಟ್ಟು ಬಿಟ್ಟುಕೊಟ್ಟ. "ಮಾಸ್ತರೇ, ಅಮೆರಿಕದ ಡ್ರ್ಯಾಗ್ ಕಾರುಗಳು ಹೊರಡುವಾಗ ಮೂತಿ ಎತ್ತುತ್ತವಲ್ಲ, ಹಾಗೆ ಏಳಲಿ ಎಂದು ಮುಂದಿನ ಷಾಕ್‌ಗಳನ್ನು ಸಡಿಲು ಮಾಡಿಸಿದ್ದೆ" ಎಂದ.

ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಬಿಡುವಿನಲ್ಲಿ ಒಂದು ಹಳೆಯ ಪದ್ಮಿನಿ ಕಾರನ್ನು ಪಂದ್ಯಕ್ಕೆ ಸಜ್ಜುಗೊಳಿಸುವುದು ಅವನ ಗೀಳು. ಹುಡುಗನ ಮಾತನ್ನು ಅವನಿಗೆ ತಿಳಿಸಿದಾಗ ಅವನು ನಗಲಿಲ್ಲ. "ಮಾವ, ಆ ಹುಡುಗ ಎರಡು ತಪ್ಪು ಮಾಡಿದ್ದಾನೆ. ನಾಲ್ಕು ದಿನ ಇಲ್ಲಿ ಬಂದು ಕೂತುಕೋ, ಎರಡನ್ನೂ ತೋರಿಸುತ್ತೇನೆ" ಎಂದ. ನಾಲ್ಕು ದಿನ ಎಂದು ಹೋದವನು ಹನ್ನೆರಡು ದಿನ ಕೂತೆ. ಆ ಹನ್ನೆರಡು ದಿನ ಕಲಿತುದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಡ್ರ್ಯಾಗ್ ಪಂದ್ಯವೆಂದರೆ ನೇರ ಓಟ. ತಿರುವಿಲ್ಲ, ಸುತ್ತಿಲ್ಲ. ಎರಡು ವಾಹನಗಳು ಪಕ್ಕಪಕ್ಕದಲ್ಲಿ ನಿಂತ ನೆಲೆಯಿಂದ ಹೊರಟು ಕಾಲು ಮೈಲಿ, ಎಂದರೆ 402 ಮೀಟರ್, ಓಡುತ್ತವೆ. ಮೊದಲು ಮುಟ್ಟಿದವನು ಗೆದ್ದ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಡುಕರೆಯ ಕಂಬಳವನ್ನು ನೆನೆದರೆ ಸಾಕು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.50 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ಲೋಕವೆಲ್ಲ ಬೆರಗಾಯಿತು. ಅದೂ ಕ್ಷಣಗಳ ಲೆಕ್ಕದ ನೇರ ಓಟವೇ.

ಅಮೆರಿಕದಲ್ಲಿ ಈ ಪಂದ್ಯ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ. ಎರಡನೆಯ ಮಹಾಯುದ್ಧದ ನಂತರ ಊರ ರಸ್ತೆಗಳಲ್ಲಿಯೇ ಹುಡುಗರು ಪಣ ಕಟ್ಟಿ ಓಡಿಸತೊಡಗಿದರು, ಸಾಯತೊಡಗಿದರು. ಅವರನ್ನು ರಸ್ತೆಯಿಂದ ಬಿಡಿಸಿ ಪಾಳುಬಿದ್ದ ವಿಮಾನಪಟ್ಟಿಗಳಿಗೆ ಕರೆತರಬೇಕೆಂದು ವಾಲಿ ಪಾರ್ಕ್ಸ್ ಎಂಬಾತ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿದ. ನಮ್ಮ ದೇಶದ ಮೋಟಾರು ಪಂದ್ಯಗಳ ಕತೆಯೂ ಬಹುಮಟ್ಟಿಗೆ ಹೀಗೆಯೇ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ 1950ರ ದಶಕದಿಂದ ದಶಕಗಳ ಕಾಲ ಪಂದ್ಯಗಳು ನಡೆದವು. ಬಳಿಕ ಶ್ರೀಪೆರುಂಬುದೂರಿನ ಬಳಿ ಅದಕ್ಕೆಂದೇ ಓಟದ ಹಾದಿ ನಿರ್ಮಾಣವಾಯಿತು. ಅಲ್ಲಿಯ ರಾಷ್ಟ್ರೀಯ ಮೋಟಾರ್‌ಸೈಕಲ್ ಡ್ರ್ಯಾಗ್ ಸ್ಪರ್ಧೆಗಳಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ಚಾಂಪಿಯನ್ ಆಗಿ ಕರ್ನಾಟಕದ ಹೆಸರನ್ನು ನಿಲ್ಲಿಸಿದ್ದಾರೆ. ಚರಿತ್ರೆ ಇಷ್ಟು ಸಾಕು. ನನ್ನ ವಿಷಯ ಸ್ಪ್ರಿಂಗು.

ಗ್ಯಾರೇಜಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: ಬಲ ಇರುವುದು ಎಂಜಿನಿನಲ್ಲಿ, ಸ್ಪ್ರಿಂಗು, ಷಾಕ್ ಅಬ್ಸಾರ್ಬರು ಇರುವುದು ಕೂತವರ ಸೊಂಟ ಉಳಿಯಲೆಂದು, ಹತ್ತು ಹದಿನೈದು ಸೆಕೆಂಡಿನ ನೇರ ಓಟದಲ್ಲಿ ಅವುಗಳಿಗೇನು ಕೆಲಸ? ಅಳಿಯ ಉತ್ತರ ಕೊಡಲಿಲ್ಲ, ಒಂದು ಚೀಟಿ ಕೊಟ್ಟ. ಪಂದ್ಯದ ಕೊನೆಗೆ ಓಡಿಸುವವನ ಕೈಗೆ ಬರುವ ಸಮಯದ ಚೀಟಿ ಅದು. ಅದರಲ್ಲಿ ಕಾಲು ಮೈಲಿಯ ಒಟ್ಟು ಸಮಯವಲ್ಲದೆ ದಾರಿಯ ನಡುವಣ ಕೆಲವು ಗುರುತುಗಳನ್ನು ದಾಟಿದ ಸಮಯಗಳೂ ಇರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ಅರವತ್ತು ಅಡಿ. ಹದಿನೆಂಟು ಮೀಟರಿಗೆ ತುಸು ಹೆಚ್ಚು. ಬಲ್ಲವರು ಮೊದಲು ನೋಡುವುದು ಆ ಸಾಲನ್ನೇ. ಅಲ್ಲಿ ಉಳಿಸಿದ ಸೆಕೆಂಡಿನ ಹತ್ತನೆಯ ಒಂದು ಭಾಗ ಕೊನೆಯ ಗೆರೆಯಲ್ಲಿ ಅಷ್ಟೇ ಆಗಿ ಉಳಿಯದೆ ಬೆಳೆದಿರುತ್ತದೆ. ಏಕೆಂದರೆ ಮೊದಲೇ ಗಳಿಸಿದ ವೇಗ ಉಳಿದ ಹಾದಿಯುದ್ದಕ್ಕೂ ಜೊತೆಗಿರುತ್ತದೆ. ಆ ಅರವತ್ತು ಅಡಿಗಳಲ್ಲಿ ಎಂಜಿನಿನ ಬಲ ಸಾಲದೆ ಸೋತವರು ಕಡಿಮೆ. ಬಲ ಹೆಚ್ಚಾಗಿ, ಚಕ್ರ ನೆಲ ಹಿಡಿಯದೆ ನಿಂತಲ್ಲೇ ತಿರುಗಿ, ಹೊಗೆ ಎಬ್ಬಿಸಿ ಸೋತವರೇ ಹೆಚ್ಚು.

ಚಕ್ರ ನೆಲವನ್ನು ಹಿಡಿಯುವುದು ಭಾರದಿಂದ. ಇದನ್ನು ನಮ್ಮ ಗಾಡಿಯವರು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. ಹಿಂದೆ ಧಾರವಾಡದ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರು ನಿಂತಿತು. ಅಂಥ ಗಾಡಿ ತಿರುಗಿ ಘಟ್ಟ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲಿ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಗಾಡಿಯವನು ಮುಂದೆ ಸರಿದು ಮೂಕಿಯ ಮೇಲೆ ಕೂರುತ್ತಾನೆ. ಇಳಿಜಾರಿನಲ್ಲಿ ಅದೇ ಮನುಷ್ಯ ಹಿಂದೆ ಸರಿಯುತ್ತಾನೆ. ಹಿಂಭಾರ, ಮುಂಭಾರ ಎಂಬ ಎರಡು ಮಾತುಗಳಲ್ಲಿ ಅವರು ಅಡಗಿಸಿಟ್ಟಿದ್ದ ಶಾಸ್ತ್ರವೇ ಈ ಪಂದ್ಯದ ಕಾರಿನ ಶಾಸ್ತ್ರವೂ ಹೌದು.

ನಿಂತ ಕಾರು ಧಟ್ಟನೆ ಮುಂದಕ್ಕೆ ನುಗ್ಗಿದಾಗ ಅದರ ಒಡಲು ಹಿಂದೆಯೇ ಉಳಿಯಲು ನೋಡುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ. ಪರಿಣಾಮವಾಗಿ ಮುಂದಿನ ಚಕ್ರಗಳ ಮೇಲಣ ಭಾರ ಕಡಿಮೆಯಾಗಿ ಹಿಂದಿನ ಚಕ್ರಗಳ ಮೇಲೆ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆಂಬುದಕ್ಕೆ ಸರಳವಾದ ಲೆಕ್ಕವುಂಟು. ಕಾರಿನ ತೂಕವನ್ನು ಅದು ವೇಗ ಗಳಿಸುವ ಪ್ರಮಾಣದಿಂದ ಗುಣಿಸಿ, ಅದನ್ನು ಗುರುತ್ವಕೇಂದ್ರದ ಎತ್ತರದಿಂದ ಗುಣಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರದಿಂದ ಭಾಗಿಸಬೇಕು. ಪದ್ಮಿನಿಯಲ್ಲಿ ಆ ಅಂತರ 234 ಸೆಂಟಿಮೀಟರ್. ಓಡಿಸುವವನೂ ಸೇರಿ ತೂಕ 1000 ಕಿಲೋ, ಗುರುತ್ವಕೇಂದ್ರದ ಎತ್ತರ 50 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಬೀಳುವ ಕಲ್ಲು ಗಳಿಸುವ ವೇಗದ ಅರ್ಧದಷ್ಟು ಪ್ರಮಾಣದಲ್ಲಿ ಕಾರು ನುಗ್ಗಿದರೆ ನೂರು ಕಿಲೋಗಿಂತ ತುಸು ಹೆಚ್ಚು ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ.

ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲವೆಂಬುದನ್ನು ಗಮನಿಸಿದಿರೋ ಇಲ್ಲವೋ! ನಾನು ಅದನ್ನು ಕಾಗದದ ಮೇಲೆ ಮಾಡಿ ಮುಗಿಸಿದಾಗ ಅಳಿಯ ಕಾದು ಕುಳಿತಿದ್ದವನಂತೆ ಕೇಳಿದ: "ಸ್ಪ್ರಿಂಗು ಎಲ್ಲಿದೆ ಮಾವ?" ಸ್ಪ್ರಿಂಗನ್ನು ಸಡಿಲಿಸಿದರೂ ಬಿಗಿದರೂ ಸರಿಯುವ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ. ಕಾರಿನ ಮೂತಿ ಮೇಲೇಳುವುದು ಭಾರ ಸರಿದುದರ ಗುರುತೇ ಹೊರತು ಸರಿಯಲು ಕಾರಣವಲ್ಲ. ನಮ್ಮ ಹುಡುಗ ಗುರುತನ್ನು ಕಾರಣವೆಂದು ಬಗೆದ. ಅವನ ಮೊದಲ ತಪ್ಪು ಇದು.

ಹಾಗಾದರೆ ಸ್ಪ್ರಿಂಗು ಮಾಡುವುದೇನು? ಆ ಭಾರ ಟೈರಿಗೆ ಯಾವ ಹೊತ್ತಿಗೆ, ಎಷ್ಟು ಬೇಗ, ಯಾವ ದಾರಿಯಿಂದ ಹೋಗಿ ಮುಟ್ಟಬೇಕೆಂಬುದನ್ನು ನಿರ್ಣಯಿಸುತ್ತದೆ. ನಾನು ಇದನ್ನು ಛಂದಸ್ಸಿನ ಮೂಲಕ ಅರ್ಥ ಮಾಡಿಕೊಂಡೆ, ಅಭ್ಯಾಸಬಲ! ನಾಲ್ಕು ಮಾತ್ರೆಯ ಗಣದಲ್ಲಿ ಎರಡು ಗುರು ಬಂದರೂ ನಾಲ್ಕೇ ಮಾತ್ರೆ, ನಾಲ್ಕು ಲಘು ಬಂದರೂ ನಾಲ್ಕೇ ಮಾತ್ರೆ. ಒಟ್ಟು ಬದಲಾಗದು, ಗುರು ಎಲ್ಲಿ ಬಿತ್ತು ಎಂಬುದರ ಮೇಲೆ ನಡೆ ಬದಲಾಗುತ್ತದೆ. ಗುರುವೆಂದರೆ ಭಾರವೆಂದೇ ಅರ್ಥ. ಅಳಿಯ ಇದನ್ನು ಕೇಳಿ ಸ್ಪ್ಯಾನರು ಕೆಳಗಿಟ್ಟು ಒಂದು ನಿಮಿಷ ಯೋಚಿಸಿ, "ಸರಿಯಾಗಿದೆ" ಎಂದ. ನನ್ನ ವೃತ್ತಿಜೀವನದಲ್ಲಿ ಬಂದ ಶಿಫಾರಸುಗಳಲ್ಲಿ ಇದನ್ನೂ ಸೇರಿಸಿಕೊಂಡಿದ್ದೇನೆ.

ಈಗ ಕಾರಿನ ಕೆಳಗೆ ನುಸಿಯೋಣ. ಪದ್ಮಿನಿ, ಅಂಬಾಸಡರ್ ಮೊದಲಾದ ಹಳೆಯ ಕಾರುಗಳಲ್ಲಿ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಎರಡು ಹಿಂದಿನ ಚಕ್ರಗಳನ್ನು ಜೋಡಿಸುವ ಗಟ್ಟಿಯಾದ ಒಂದು ಅಚ್ಚು; ಅದರ ಎರಡು ಕಡೆ ಲಾರಿಯಲ್ಲಿರುವಂತೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಾಗಿಸಿದ ಕಮಾನುಗಳು. ಎಂಜಿನು ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ, ಚಕ್ರವನ್ನು ಹಿಡಿದ ಅಚ್ಚಿನ ಪೆಟ್ಟಿಗೆ ಅದಕ್ಕೆದುರಾಗಿ ಹಿಂದಕ್ಕೆ ಹೊರಳಲು ಹವಣಿಸುತ್ತದೆ. ಅದನ್ನು ಹಿಡಿದಿಡಲು ಕಮಾನುಗಳ ಹೊರತು ಬೇರೇನೂ ಇಲ್ಲ. ಪಾಪ, ಅವು ಹಾವಿನಂತೆ ತಿರುಚಿಕೊಳ್ಳುತ್ತವೆ: ಅಚ್ಚಿನ ಮುಂದಿನ ಅರ್ಧ ಮೇಲಕ್ಕೆ, ಹಿಂದಿನ ಅರ್ಧ ಕೆಳಕ್ಕೆ. ಟೈರು ಜಾರಿದೊಡನೆ ಹಿಡಿತ ತಪ್ಪಿ ಕಮಾನು ಚಟ್ಟನೆ ನೆಟ್ಟಗಾಗುತ್ತದೆ. ಆಗ ಟೈರು ಮತ್ತೆ ನೆಲ ಹಿಡಿಯುತ್ತದೆ, ಕಮಾನು ಮತ್ತೆ ತಿರುಚುತ್ತದೆ. ಸೆಕೆಂಡಿಗೆ ಎಷ್ಟೋ ಬಾರಿ ಇದು ನಡೆದು ಕಾರಿನ ಹಿಂಭಾಗ ದಡದಡನೆ ಕುಣಿಯುತ್ತದೆ. ಹಾಗೆ ಕುಣಿಯುವ ಕಾರು ಮುಂದೆ ಹೋಗುವುದಿಲ್ಲ. ಎಷ್ಟೋ ವೇಳೆ ಅಚ್ಚಿನ ಹಲ್ಲನ್ನೋ ಷಾಫ್ಟನ್ನೋ ಮುರಿದುಕೊಂಡು ನಿಲ್ಲುತ್ತದೆ.

ಮದ್ದು ಸರಳವಾಗಿದೆ, ಜಾಣತನದ್ದಾಗಿದೆ. ಅಚ್ಚಿನ ಅಡಿಗೆ ಭದ್ರವಾಗಿ ಬಿಗಿದ ಒಂದು ಗಟ್ಟಿ ಪಟ್ಟಿಯನ್ನು ಕಮಾನಿನ ಕೆಳಗೆ ಮುಂದಕ್ಕೆ ಚಾಚಿ, ಅದರ ತುದಿಗೆ ರಬ್ಬರಿನ ತುಂಡೊಂದನ್ನು ಕೂರಿಸುತ್ತಾರೆ. ಅಚ್ಚು ಹೊರಳಲು ಹೋದೊಡನೆ ಪಟ್ಟಿಯ ತುದಿ ಮೇಲೆದ್ದು ಕಮಾನಿನ ಮುಂದಿನ ಕಣ್ಣಿನ ಅಡಿಗೆ ಗುದ್ದುತ್ತದೆ. ಅಲ್ಲಿಗೆ ಹೊರಳಾಟ ನಿಂತಿತು. ಇಷ್ಟೇ ಅಲ್ಲ: ಆ ಗುದ್ದು ಕಾರಿನ ಒಡಲನ್ನು ಮೇಲೆತ್ತುತ್ತದೆ, ಅದರ ಪ್ರತಿಯಾಗಿ ಟೈರನ್ನು ನೆಲಕ್ಕೆ ಒತ್ತುತ್ತದೆ. ಕೇಡು ಮಾಡುತ್ತಿದ್ದ ಬಲವನ್ನೇ ಕೂಲಿಗೆ ಹಚ್ಚಿದಂತಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ದಶಕದಲ್ಲಿ ಕಮಾನನ್ನೇ ಈ ರೀತಿ ತಯಾರಿಸಿತು. ಅಚ್ಚಿನಿಂದ ಮುಂದಿನ ಭಾಗ ಗಿಡ್ಡ ಮತ್ತು ಬಿಗಿ, ಹಿಂದಿನ ಭಾಗ ಉದ್ದ ಮತ್ತು ಮೆತ್ತಗೆ. ಬಲಗಡೆಯ ಕಮಾನು ಎಡಗಡೆಯದರಂತೆ ಇರುತ್ತಿರಲಿಲ್ಲ.

ಎರಡು ಕಡೆ ಎರಡು ಬಗೆ ಏಕೆ? ಎಂಜಿನಿನಿಂದ ಅಚ್ಚಿಗೆ ಬರುವ ಉದ್ದನೆಯ ಷಾಫ್ಟು, ಹಿಂದಿನಿಂದ ನೋಡಿದರೆ, ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ತಿರುಗುತ್ತಾ ಇಡೀ ಅಚ್ಚನ್ನು ತನ್ನ ಜೊತೆ ಹೊರಳಿಸಲು ನೋಡುತ್ತದೆ. ಎಡಚಕ್ರ ನೆಲಕ್ಕೆ ಒತ್ತುತ್ತದೆ, ಬಲಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರ ಮೊದಲು ಜಾರುತ್ತದೆ, ಕಾರು ಸೊಟ್ಟಗೆ ಓಡುತ್ತದೆ. ಆದುದರಿಂದ ಹಿಂದಿನ ಬಲಗಡೆಗೆ ಮುಂಚಿತವಾಗಿಯೇ ಸ್ವಲ್ಪ ಹೆಚ್ಚು ಒತ್ತು ಕೊಟ್ಟಿಡಬೇಕು. ಅಳಿಯ ಇದಕ್ಕಾಗಿ ನಾಲ್ಕು ಚಕ್ರಗಳನ್ನೂ ಬೇರೆ ಬೇರೆ ತಕ್ಕಡಿಗಳ ಮೇಲೆ ನಿಲ್ಲಿಸಿ, ಓಡಿಸುವವನ ಜಾಗದಲ್ಲಿ ನನ್ನನ್ನು ಕೂರಿಸಿ ತೂಗಿದ. ನಾನು ಆ ಗ್ಯಾರೇಜಿಗೆ ಸಲ್ಲಿಸಿದ ಏಕೈಕ ಸೇವೆ ಇದೇ.

ಕಮಾನು ತೆಗೆದು ಸುರುಳಿ ಸ್ಪ್ರಿಂಗು ಹಾಕಿ, ಅಚ್ಚನ್ನು ನಾಲ್ಕು ಸಲಾಕೆಗಳಿಂದ ಒಡಲಿಗೆ ಜೋಡಿಸುವ ಏರ್ಪಾಡು ಇನ್ನೂ ಸೂಕ್ಷ್ಮವಾದುದು. ಪ್ರತಿ ಕಡೆಗೆ ಮೇಲೊಂದು ಸಲಾಕೆ, ಕೆಳಗೊಂದು. ಪಕ್ಕದಿಂದ ನೋಡಿ ಈ ಎರಡು ಸಲಾಕೆಗಳ ಗೆರೆಯನ್ನು ಮನಸ್ಸಿನಲ್ಲಿಯೇ ಮುಂದಕ್ಕೆ ಎಳೆದರೆ ಅವು ಎಲ್ಲಿಯೋ ಒಂದೆಡೆ ಕೂಡುತ್ತವೆ. ಆ ಕೂಡುವ ಜಾಗದಲ್ಲಿ ಮೊಳೆಯೂ ಇಲ್ಲ, ಬೋಲ್ಟೂ ಇಲ್ಲ, ಬರಿಯ ಗಾಳಿ. ಆದರೆ ಚಕ್ರದ ತಳ್ಳು ಆ ಜಾಗದಲ್ಲಿಯೇ ಕಾರಿಗೆ ತಾಗಿತೋ ಎಂಬಂತೆ ಕಾರು ನಡೆದುಕೊಳ್ಳುತ್ತದೆ. ವಾಕ್ಯದಲ್ಲಿ ಅಧ್ಯಾಹಾರವಾಗಿರುವ ಪದ ಕಣ್ಣಿಗೆ ಕಾಣದಿದ್ದರೂ ಅರ್ಥವನ್ನು ಆಳುವುದಿಲ್ಲವೆ? ಆ ಬಿಂದು ಎತ್ತರದಲ್ಲಿದ್ದು ಅಚ್ಚಿಗೆ ಹತ್ತಿರವಿದ್ದರೆ ಟೈರಿಗೆ ಬೀಳುವ ಒತ್ತು ಗುದ್ದಿನಂತೆ ಒಮ್ಮೆಲೇ ಬೀಳುತ್ತದೆ, ಕಾರಿನ ಹಿಂಭಾಗ ಏಳುತ್ತದೆ. ತಗ್ಗಿನಲ್ಲಿದ್ದು ದೂರವಿದ್ದರೆ ಒತ್ತು ನಿಧಾನವಾಗಿ ಬರುತ್ತದೆ, ಹಿಂಭಾಗ ಕುಸಿಯುತ್ತದೆ. ಸಲಾಕೆಗಳ ತುದಿಯನ್ನು ಒಂದು ತೂತಿನಿಂದ ಮೇಲಿನ ಅಥವಾ ಕೆಳಗಿನ ತೂತಿಗೆ ಬದಲಿಸಿದರೆ ಸಾಕು, ಬಿಂದು ಸರಿಯುತ್ತದೆ.

ಯಾವುದು ಒಳ್ಳೆಯದು? ಇದಕ್ಕೆ ಒಂದೇ ಉತ್ತರವಿಲ್ಲವೆಂಬುದೇ ಈ ವಿದ್ಯೆಯ ಸ್ವಾರಸ್ಯ. ಗುದ್ದು ಜೋರಾದರೆ ಟೈರು ಮೊದಲು ನೆಲವನ್ನು ಕಚ್ಚಿ, ಮರುಕ್ಷಣ ಚೆಂಡಿನಂತೆ ಪುಟಿದು ಹಿಡಿತ ಬಿಡುತ್ತದೆ. ಮೆಲ್ಲಗಾದರೆ ಭಾರ ಬಂದು ಸೇರುವ ಮೊದಲೇ ಎಂಜಿನಿನ ಬಲ ಬಂದು ಟೈರನ್ನು ಜಾರಿಸಿಬಿಡುತ್ತದೆ. ಬಿಸಿಲಿಗೆ ಕಾದ ನೆಲ, ಬೆಳಗಿನ ತಣ್ಣನೆಯ ನೆಲ, ರಬ್ಬರು ಮೆತ್ತಿದ ನೆಲ, ಧೂಳು ಹಾರುವ ನೆಲ, ಒಂದೊಂದಕ್ಕೂ ಒಂದೊಂದು ಹದ. ಮದ್ದಳೆಯ ಶ್ರುತಿ ಮಳೆಗಾಲಕ್ಕೊಂದು, ಬೇಸಿಗೆಗೊಂದು ಆಗುವುದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ.

ಷಾಕ್ ಅಬ್ಸಾರ್ಬರಿನ ಕೆಲಸ ಭಾರವನ್ನು ಹೊರುವುದಲ್ಲ, ಚಲನೆಯ ವೇಗಕ್ಕೆ ಲಗಾಮು ಹಾಕುವುದು. ಒಳಗಿರುವ ಎಣ್ಣೆ ಸಣ್ಣ ಕಂಡಿಗಳಲ್ಲಿ ನುಸುಳಬೇಕು. ಬೇಗ ನುಸುಳೆಂದರೆ ಒಪ್ಪದು. ಹಿಂದಿನ ಚಕ್ರದಿಂದ ಓಡುವ ಪಂದ್ಯದ ಕಾರುಗಳಿಗೆ ಮುಂದುಗಡೆ ವಿಶೇಷವಾದ ಷಾಕ್‌ಗಳನ್ನು ಹಾಕುವುದುಂಟು. ಅವು ಹಿಗ್ಗುವಾಗ ತಡೆಯುವುದೇ ಇಲ್ಲವೆನ್ನುವಷ್ಟು ಸಡಿಲ, ಕುಗ್ಗುವಾಗ ಬಹಳ ಬಿಗಿ. ತೊಂಬತ್ತು ಹತ್ತು ಎಂದೇ ಅವುಗಳ ಹೆಸರು. ಮೂತಿ ಸರಕ್ಕನೆ ಏಳುತ್ತದೆ, ಏಳುವ ಹೊತ್ತಿನಲ್ಲಿ ಹಿಂದಕ್ಕೆ ತಡಮಾಡದೆ ಭಾರ ಸೇರುತ್ತದೆ, ಕೆಳಗಿಳಿಯಲು ಅವಸರ ಮಾಡುವುದಿಲ್ಲ. ನೇರ ಹಾದಿಯಲ್ಲಿ ಇದು ಲಾಭ. ತಿರುವಿರುವ, ಹೊಂಡವಿರುವ, ಎದುರಿನಿಂದ ಬಸ್ಸು ಬರುವ ಹಾದಿಯಲ್ಲಿ ಇದು ಅಪಾಯ. ಕಾರನ್ನು ತಿರುಗಿಸುವ ಚಕ್ರಗಳು ಮುಂದಿನವು. ಅವುಗಳ ಮೇಲೆ ಭಾರ ನಿಲ್ಲದಿದ್ದರೆ ಸ್ಟಿಯರಿಂಗು ಕೈಯಲ್ಲಿರುತ್ತದೆ, ಕಾರು ಕೈಯಲ್ಲಿರುವುದಿಲ್ಲ.

ನಮ್ಮ ಹುಡುಗನ ಎರಡನೆಯ ತಪ್ಪು ಇಲ್ಲಿದೆ. ಮಾರುತಿ 800 ಹಿಂದಿನ ಚಕ್ರದಿಂದ ಓಡುವ ಕಾರಲ್ಲ. ಅದರಲ್ಲಿ ಎಳೆಯುವ ಚಕ್ರವೂ ಮುಂದಿನದೇ, ತಿರುಗಿಸುವ ಚಕ್ರವೂ ಮುಂದಿನದೇ. ಅಂಥ ಕಾರು ನುಗ್ಗಿದಾಗ ಭಾರ ಹಿಂದಕ್ಕೆ ಸರಿಯುವುದೇ ನಷ್ಟ. ಅದನ್ನು ಪಂದ್ಯಕ್ಕೆ ಹದಗೊಳಿಸುವವರು ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಿ ಕುಸಿತ ತಡೆಯುತ್ತಾರೆ, ಮೂತಿ ಏಳದಂತೆ ನೋಡಿಕೊಳ್ಳುತ್ತಾರೆ. ಹುಡುಗ ಮಾಡಿದ್ದು ಅದರ ತದ್ವಿರುದ್ಧ. ಪಂದ್ಯಕ್ಕೂ ಸಲ್ಲದ, ರಸ್ತೆಗೂ ಸಲ್ಲದ ಒಂದು ಕಾರನ್ನು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದ. ತಿರುವಿನ ಮುಂಚೆ ರಸ್ತೆಯಲ್ಲೊಂದು ಉಬ್ಬು. ಲಗಾಮಿಲ್ಲದ ಮೂತಿ ಎದ್ದಿತು, ಮುಂದಿನ ಟೈರುಗಳು ಹಗುರಾದವು, ಅಷ್ಟರಲ್ಲಿ ತಿರುವು ಬಂತು.

ಮೋಟಾರ್‌ಸೈಕಲ್ಲಿನ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಅಲ್ಲಿ ಭಾರ ಹಿಂದಕ್ಕೆ ಸಾಲದೆಂಬ ಚಿಂತೆಯಿಲ್ಲ, ಅತಿಯಾಗಿ ಮಗುಚೀತೆಂಬುದೇ ಚಿಂತೆ. ಆದುದರಿಂದ ಹಿಂದಿನ ಚಕ್ರದ ತೋಳನ್ನು ಉದ್ದ ಮಾಡಿ, ಮುಂಭಾಗವನ್ನು ಪಟ್ಟಿ ಬಿಗಿದು ತಗ್ಗಿಸುತ್ತಾರೆ. ಅದೇ ಲೆಕ್ಕದಲ್ಲಿ ಚಕ್ರಗಳ ಅಂತರ ಹೆಚ್ಚಿತು, ಎತ್ತರ ಕಡಿಮೆಯಾಯಿತು. ಸರಿಯುವ ಭಾರವೂ ಕಡಿಮೆಯಾಯಿತು.

ಇಷ್ಟೆಲ್ಲ ಕೇಳಿದ ಮೇಲೆ ಒಂದು ವಿಚಿತ್ರವನ್ನು ಹೇಳಬೇಕು. ಈ ಪಂದ್ಯದ ಅತ್ಯಂತ ವೇಗದ ವಾಹನಗಳಿಗೆ, ಟಾಪ್ ಫ್ಯೂಯೆಲ್ ಎಂಬ ದರ್ಜೆಯವಕ್ಕೆ, ಹಿಂದೆ ಸ್ಪ್ರಿಂಗೇ ಇಲ್ಲ! ಅಚ್ಚನ್ನು ಚೌಕಟ್ಟಿಗೆ ನೇರವಾಗಿ ಬಿಗಿದುಬಿಟ್ಟಿರುತ್ತಾರೆ. ಏಳೂವರೆ ಮೀಟರಿಗೂ ಉದ್ದವಾದ ಆ ಕೊಳವೆಗಳ ಚೌಕಟ್ಟೇ ಬಿಲ್ಲಿನಂತೆ ಬಾಗುತ್ತದೆ, ಭಾರಿ ಟೈರುಗಳ ಗೋಡೆ ಹೊರಡುವ ಕ್ಷಣದಲ್ಲಿ ಒದ್ದೆ ಬಟ್ಟೆ ಹಿಂಡಿದಂತೆ ಸುಕ್ಕುಗಟ್ಟುತ್ತದೆ. ಸ್ಪ್ರಿಂಗಿನ ಕೆಲಸವನ್ನು ಅವೇ ಮಾಡುತ್ತವೆ. ಅವುಗಳ ವೇಗ ಎಲ್ಲಿಗೆ ಮುಟ್ಟಿತೆಂದರೆ, 2008ರಲ್ಲಿ ಸ್ಕಾಟ್ ಕಾಲಿಟ್ಟಾ ಎಂಬ ಸ್ಪರ್ಧಿ ನ್ಯೂ ಜೆರ್ಸಿಯಲ್ಲಿ ಮಡಿದ ಬಳಿಕ ಆ ದರ್ಜೆಯ ಓಟವನ್ನು ಕಾಲು ಮೈಲಿಯಿಂದ 1000 ಅಡಿಗೆ ಇಳಿಸಿದರು.

ಗ್ಯಾರೇಜಿನ ಗೋಡೆಗೆ ಒಂದು ನೋಟುಪುಸ್ತಕ ತೂಗುಹಾಕಿತ್ತು. ಟೈರಿನ ಗಾಳಿ, ಷಾಕ್‌ನ ಬಿಗಿ, ಸಲಾಕೆಯ ತೂತು, ನೆಲದ ಬಿಸಿ, ಅರವತ್ತು ಅಡಿಯ ಸಮಯ, ಎಲ್ಲವನ್ನೂ ಅಳಿಯ ಅದರಲ್ಲಿ ಬರೆಯುತ್ತಿದ್ದ. ಒಂದು ಓಟಕ್ಕೆ ಒಂದೇ ಬದಲಾವಣೆ ಎಂಬುದು ಅವನ ಕಟ್ಟಳೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಕಂಡದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಹಸ್ತಪ್ರತಿಗಳ ಪಾಠಾಂತರ ನೋಡುವಾಗ ನಾವು ಇಷ್ಟು ಶಿಸ್ತು ಪಾಲಿಸಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ನಮ್ಮ ಕಡೆಯ ಹೆದ್ದಾರಿ, ಹಿಂದೆ 17 ಎಂದಿದ್ದು ಈಗ 66 ಆಗಿರುವುದು, ಬಹುಭಾಗ ಅಗಲವಾಗಿದೆ. ರಾತ್ರಿ ಹತ್ತರ ಮೇಲೆ ಅಲ್ಲಿ ಹುಡುಗರು ವೇಗ ಪರೀಕ್ಷೆ ಮಾಡುವ ಸದ್ದು ಒಮ್ಮೊಮ್ಮೆ ಕೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನ ಪ್ರಕಾರ ಅದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯಿದೆಯ ಮಾತು ಹುಡುಗರ ಕಿವಿಗೆ ಹೋಗುವುದು ಕಷ್ಟವೆಂದು ನನಗೂ ಗೊತ್ತು. ಆದುದರಿಂದ ಹೆಗಲು ಕೂಡಿಬಂದ ಮೇಲೆ ನೆರೆಮನೆಯ ಹುಡುಗನನ್ನು ನಾನೇ ಅಳಿಯನ ಬಳಿಗೆ ಕರೆದುಕೊಂಡು ಹೋದೆ.

ಹಳೆಯ ವಿಮಾನಪಟ್ಟಿಯೊಂದರ ಮೇಲೆ ಅನುಮತಿ ಪಡೆದು ನಡೆಸಿದ ಸ್ಪರ್ಧೆ ಅದು. ಪದ್ಮಿನಿ ಮೂರು ಬಾರಿ ಓಡಿತು. ಮೊದಲ ಓಟದಲ್ಲಿ ಹಿಂಭಾಗ ಕುಣಿಯಿತು. ಅಳಿಯ ರಬ್ಬರು ತುಂಡಿನ ಸಂದನ್ನು ಕಡಿಮೆ ಮಾಡಿದ, ಬೇರೇನನ್ನೂ ಮುಟ್ಟಲಿಲ್ಲ. ಎರಡನೆಯ ಓಟದಲ್ಲಿ ಕುಣಿತ ನಿಂತಿತು. ಮೂರನೆಯದರಲ್ಲಿ ಅರವತ್ತು ಅಡಿಯ ಸಾಲು ಆವರೆಗಿನ ಎಲ್ಲಕ್ಕಿಂತ ಚಿಕ್ಕದಾಗಿ ಬಂತು. ಚೀಟಿಯನ್ನು ಹುಡುಗನೇ ಓಡಿ ಹೋಗಿ ತಂದ. ಗೆದ್ದವರು ಬೇರೆ, ಅವರ ಕಾರು ಬೇರೆ ಜಾತಿಯದು.

ಸಂಜೆ ಹೊರಡೋಣವೆಂದರೆ ಅಳಿಯ ಜಾಕಿ ಹಚ್ಚಿ ಕೂತ. ಪಂದ್ಯದ ಟೈರು ಬಿಚ್ಚಿದ, ಮುಂದಿನ ಆ ತೊಂಬತ್ತು ಹತ್ತರ ಷಾಕ್‌ಗಳನ್ನು ಬಿಚ್ಚಿದ, ಡಿಕ್ಕಿಯಿಂದ ರಸ್ತೆಯ ಷಾಕ್‌ಗಳನ್ನು ತೆಗೆದು ಒಂದೊಂದಾಗಿ ಕೂರಿಸತೊಡಗಿದ. ಕತ್ತಲಾಯಿತು. ಹುಡುಗ ಬ್ಯಾಟರಿ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಎರಡು ಸಲ ಚಹಾ ತರಿಸಿದೆ. ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ.